ಬೇಸಿಗೆಯ ಕಾವು, ಮೈಯ ಬೆವರು



“ನಮ್ದು ತಂಪು ಸೀಮೆ ಸ್ವಾಮಿ, ಬಿಸ್ಲೇನಿದ್ರೂ ಜಗಳೂರಿಗೆ” ಎಂದರು ಚನ್ನಗಿರಿಯ ತೋಟದವರೊಬ್ಬರು. ಈ ಮಾತನ್ನು ನಂಬಿ ಕೂರಬೇಡಿ. ಯೂರೋಪು ತಂಪು ಸೀಮೆಯಲ್ಲವೇ? ಅಲ್ಲಿ 2003ರ ಬೇಸಿಗೆಯ ಕಾವಿಗೆ 70,000ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಬಹುಮಂದಿ ವಯಸ್ಸಾದವರು.

ಮಣ್ಣಿನ ಗಡಿಗೆಯಲ್ಲಿ ನೀರು ತಣ್ಣಗಾಗುವುದು ಹೇಗೆ? ಹೊರಗಿನ ತೇವ ಆರುವುದರಿಂದ. ನಮ್ಮ ಮೈಯೂ ಹಾಗೆಯೇ. ಬೆವರು ಆರಿದರೆ ತಂಪು. ಅಡಿಕೆ ತೋಟದಲ್ಲಿ, ನೀರು ನಿಂತ ಗದ್ದೆಯಲ್ಲಿ ಗಾಳಿಯೇ ತೇವ. ಬೆವರು ಸುರಿಯುತ್ತದೆ, ಆರುವುದಿಲ್ಲ. ಕಾವು ಒಳಗೇ ಉಳಿಯುತ್ತದೆ. ಜಗಳೂರಿನ ಒಣ ಗಾಳಿಯಲ್ಲಿ ಬೆವರು ಕಾಣುವ ಮೊದಲೇ ಆರಿಹೋಗುತ್ತದೆ; ಮೈಯ ನೀರು ಕಳೆದದ್ದೇ ತಿಳಿಯುವುದಿಲ್ಲ.

ಆದ್ದರಿಂದ ಹೊನ್ನಾಳಿಯ ಗದ್ದೆಯಾಗಲಿ, ನ್ಯಾಮತಿಯ ಹೊಲವಾಗಲಿ, ಬಿರುಬೇಸಿಗೆಯಲ್ಲಿ ಕೆಲಸವನ್ನು ಬೆಳಿಗ್ಗೆ 11ರೊಳಗೆ ಮುಗಿಸಿ. ಉಳಿದದ್ದನ್ನು ಸಂಜೆ 4ರ ಮೇಲೆ ಹಿಡಿಯಿರಿ. ಬಾಯಾರುವ ತನಕ ಕಾಯದೆ ನೀರನ್ನೋ ಉಪ್ಪು ಹಾಕಿದ ನೀರುಮಜ್ಜಿಗೆಯನ್ನೋ ಆಗಾಗ ಕುಡಿಯಿರಿ. ಕೂಲಿಯಾಳುಗಳಿಗೂ ನೆರಳಿನಲ್ಲಿ ಒಂದು ಗಡಿಗೆ ನೀರಿಡಿ. ಮನೆಯಲ್ಲಿರುವ ಅಜ್ಜ ಅಜ್ಜಿಯರನ್ನು ಮರೆಯಬೇಡಿ.

ಬಿಸಿಲಲ್ಲಿ ದುಡಿದವರು ತೊದಲಿದರೆ, ಏನೇನೋ ಬಡಬಡಿಸಿದರೆ, ಎಚ್ಚರ ತಪ್ಪಿದರೆ ಅದು ಶಾಖಾಘಾತವಿರಬಹುದು, ಜೀವಕ್ಕೇ ಅಪಾಯ. “ಇನ್ನೂ ಬೆವರ್ತಾ ಇದಾನಲ್ಲ” ಎಂದು ಸುಮ್ಮನಿರಬೇಡಿ. ಕೂಡಲೇ 108ಕ್ಕೆ ಫೋನು ಮಾಡಿಸಿ. ಗಾಡಿ ಬರುವವರೆಗೆ ನೆರಳಿನಲ್ಲಿ ಮಲಗಿಸಿ, ಮೈಮೇಲೆ ನೀರು ಹೊಯ್ದು ಗಾಳಿ ಬೀಸುತ್ತಿರಿ. ಎಚ್ಚರವಿಲ್ಲದವರ ಬಾಯಿಗೆ ಮಾತ್ರ ನೀರು ಹಾಕಬೇಡಿ.

ಉಳಿದ ಕೆಲಸ ನಾಳೆ ಮಾಡಬಹುದು. ಹೋದ ಜೀವ ಬಾರದು.