ಸುಣ್ಣ ಬಳಿದರೆ ರಿಪೇರಿಯಾಗದು

(ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ವಸತಿ ಕಾಲೋನಿಗಳ ನಿವಾಸಿಗಳು ಮಧುಗಿರಿಯಲ್ಲಿ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಗಿರಣಿಯ ಪಾಳಿ ಮುಗಿಸಿ ಬಂದವರೂ ಅಂಗಡಿಯ ಬಾಗಿಲು ಹಾಕಿ ಬಂದವರೂ ಇಲ್ಲಿದ್ದೀರಿ. ಹೊತ್ತು ಮೀರಿದೆ. ಆದುದರಿಂದ ಮನೆಯ ಮಾತನ್ನಷ್ಟೇ ಆಡುತ್ತೇನೆ. ನಮ್ಮ ಕಾಲೋನಿಯ ಮನೆಗಳು ಸೋರುತ್ತವೆ. ಗೋಡೆಗಳು ಬಿರಿದಿವೆ. ತಾರಸಿಯ ಗಾರೆ ಮಲಗಿದವರ ಮೇಲೆ ಉದುರುತ್ತದೆ. ಇದನ್ನು ಸರಿಮಾಡಿಸಿಕೊಳ್ಳುವ ಬಗೆ ಹೇಗೆ?

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ನಾನು ಮೇಷ್ಟರಾಗಿದ್ದಾಗ, ಮಳೆಗಾಲ ಬಂತೆಂದರೆ ಕಾಲೋನಿಯ ಮಕ್ಕಳು ಬೆಳಗಿನ ಪಾಠದಲ್ಲಿ ತೂಕಡಿಸುತ್ತಿದ್ದರು. ನಾನು ಗದರಿಸುತ್ತಿದ್ದೆ. ಒಂದು ದಿನ ಒಬ್ಬ ಹುಡುಗ ನೆನೆದು ಅಂಟಿಕೊಂಡ ಪುಸ್ತಕ ತೋರಿಸಿ, "ರಾತ್ರಿಯೆಲ್ಲ ಪಾತ್ರೆ ಇಡ್ತಾ ಇದ್ವಿ ಸಾ" ಎಂದ. ಸಂಜೆ ಅವರ ಮನೆಗೆ ಹೋದೆ. ನೆಲದ ಮೇಲೆ ತಪ್ಪಲೆ, ಬಕೆಟ್ಟು, ಚೊಂಬು ಸಾಲಾಗಿದ್ದುವು. "ಈ ಮೂಲೆ ಸೋರಲ್ಲ, ಕೂತ್ಕೊಳ್ಳಿ ಮೇಷ್ಟ್ರೆ" ಎಂದು ಆ ತಾಯಿ ಚಾಪೆ ಹಾಸಿದರು. ಅಂದೇ ಅರ್ಜಿ ಬರೆದುಕೊಟ್ಟೆ. ಕೆಲವು ದಿನಗಳಲ್ಲಿ ಯಾರೋ ದೊಡ್ಡವರು ನೋಡಲು ಬರುತ್ತಾರೆಂದು ಸುದ್ದಿಯಾಯಿತು. ಬಿರುಕಿಗೆ ಸಿಮೆಂಟು ಸವರಿ, ಗೋಡೆಗೆಲ್ಲ ಸುಣ್ಣ ಬಳಿದು ಹೋದರು. ನಾವು ಹಾರ ಹಾಕಿ ಕೈಮುಗಿದೆವು.

ಮುಂದಿನ ಮಳೆಗೆ ಅದೇ ಜಾಗದಲ್ಲಿ ಅದೇ ಬಿರುಕು, ಮೊದಲಿಗಿಂತ ಅಗಲವಾಗಿ ಬಂತು. ಮತ್ತೆ ಕಚೇರಿಗೆ ಹೋದರೆ, "ರಿಪೇರಿ ಆಗಿದೆಯಲ್ಲ, ಇದು ನೀವು ಮೊಳೆ ಹೊಡೆದದ್ದು" ಎಂದರು. ಅದು ಹಳೆಯ ಬಿರುಕೆಂದು ತೋರಿಸಲು ನಮ್ಮ ಕೈಯಲ್ಲಿ ಒಂದು ಚೂರು ಕಾಗದವಿರಲಿಲ್ಲ. ಹಾರ ಹಾಕುವುದು ನಮಗೆ ಗೊತ್ತಿತ್ತು, ತಾರೀಖು ಬರೆದಿಡುವುದು ಗೊತ್ತಿರಲಿಲ್ಲ.

"ಮನೆ ಹಳೆಯದಾದರೆ ಬಿರಿಯದೆ ಇರುತ್ತದೆಯೆ?" ಎಂದು ಕೇಳುವವರಿದ್ದಾರೆ. ಶಿರಾದ ಮಲಿಕ್ ರಿಹಾನನ ಗೋರಿ 1651ರದು, ಇಂದಿಗೂ ನಿಂತಿದೆ. ಚೆನ್ನಾಗಿ ಕಟ್ಟಿದರು, ನೋಡಿಕೊಳ್ಳುವವರೂ ಇದ್ದಾರೆ. ನಮ್ಮ ಮನೆಗಳು ಹತ್ತು ಹದಿನೈದು ವರ್ಷಕ್ಕೇ ಮುಪ್ಪಾದರೆ ಅದು ವಯಸ್ಸಿನ ದೋಷವಲ್ಲ, ಕಟ್ಟಿದ ದಿನದ ದೋಷ.

ಆ ದೋಷದ ಮೂಲ ಬಹುಮಟ್ಟಿಗೆ ನೀರು. ಕಟ್ಟುವಾಗ ನೀರು ಸಾಲದು, ಕಟ್ಟಿದ ಮೇಲೆ ನೀರು ನಿಲ್ಲುತ್ತದೆ. ನಮ್ಮಂಥ ಬಿಸಿಲ ಸೀಮೆಯಲ್ಲಿ ಹಾಕಿದ ಕಾಂಕ್ರೀಟಿಗೆ ಕನಿಷ್ಠ 10 ದಿನ ನೀರುಣಿಸಬೇಕೆಂದು ಭಾರತೀಯ ಮಾನಕವೇ ಹೇಳುತ್ತದೆ. ಕುಡಿಯುವ ನೀರಿಗೇ ಟ್ಯಾಂಕರಿನ ದಾರಿ ಕಾಯುವ ಊರಿನಲ್ಲಿ ಗುತ್ತಿಗೆದಾರ ತಾರಸಿಗೆ 10 ದಿನ ನೀರು ಕಟ್ಟಿ ನಿಲ್ಲಿಸುತ್ತಾನೆಯೆ? ಪಾವಗಡದ ಕೊಳವೆ ಬಾವಿಯ ನೀರಿನಲ್ಲಿ ಫ್ಲೋರೈಡು ಹೆಚ್ಚೆಂಬುದು ನಾಡಿಗೇ ಗೊತ್ತು. ಅದು ಎಲುಬಿಗೆ ಶತ್ರು. ಕಾಂಕ್ರೀಟಿನೊಳಗಿನ ಕಬ್ಬಿಣಕ್ಕೆ ಶತ್ರು ಕ್ಲೋರೈಡಿನ ಉಪ್ಪು. ಉಪ್ಪುನೀರಿನಲ್ಲಿ ಕಲಸಿದರೆ ಕಂಬಿಗೆ ತುಕ್ಕು ಬೇಗ ಹಿಡಿಯುತ್ತದೆ. ತುಕ್ಕು ಹಿಡಿದ ಕಂಬಿ ಉಬ್ಬಿ, ತನ್ನ ಮೇಲಿನ ಗಾರೆಯನ್ನು ತಾನೇ ಒದ್ದು ಬೀಳಿಸುತ್ತದೆ.

ಹೀಗಿರುವಾಗ ಒಳಗಿನಿಂದ ಗಾರೆ ಮೆತ್ತಿದರೆ ಏನು ಬಂತು? ಮೊದಲು ತಾರಸಿಯ ಮೇಲಿನ ನೀರು ಹರಿದುಹೋಗುವಂತೆ ಇಳಿಜಾರು ಮಾಡಬೇಕು. ಸಡಿಲವಾದುದನ್ನೆಲ್ಲ ಕೆತ್ತಿ ತೆಗೆದು, ಕಂಬಿಯ ತುಕ್ಕನ್ನು ಉಜ್ಜಿ, ಸವೆದದ್ದಕ್ಕೆ ಹೊಸ ಕಂಬಿ ಸೇರಿಸಿ, ಆಮೇಲೆ ಗಾರೆ ಹಾಕಬೇಕು. ಕಿಟಕಿಯ ಮೂಲೆಯಿಂದ ಓರೆಯಾಗಿ ಓಡುವ ಬಿರುಕಾದರೆ ತಳಪಾಯ ಕುಸಿದಿರಬಹುದು, ಇಂಜಿನಿಯರು ಅಲ್ಲಿ ಅಗೆಸಿ ನೋಡಬೇಕು. ಬೇರಿಂಗು ಕಾದ ಯಂತ್ರಕ್ಕೆ ಹೊರಗೆ ಬಣ್ಣ ಹೊಡೆಯುವ ಫಿಟ್ಟರನ್ನು ನೀವು ಗಿರಣಿಯಲ್ಲಿ ಇಟ್ಟುಕೊಳ್ಳುತ್ತೀರಾ?

ಸುಮ್ಮನಿದ್ದರೆ ಏನಾಗುತ್ತದೆಂಬುದಕ್ಕೆ ಬೆಂಗಳೂರಿನ ಈಜಿಪುರವನ್ನು ನೋಡಿ. ಅಲ್ಲಿ ಮಹಾನಗರ ಪಾಲಿಕೆ ಬಡವರಿಗಾಗಿ ಒಂದೂವರೆ ಸಾವಿರದಷ್ಟು ಮನೆಗಳನ್ನು ಕಟ್ಟಿಸಿತ್ತು. ಸುಮಾರು ಹತ್ತು ವರ್ಷ ತುಂಬುವಷ್ಟರಲ್ಲಿ ಕಟ್ಟಡಗಳು ಕುಸಿಯತೊಡಗಿದವು. ವಾಸಕ್ಕೆ ಯೋಗ್ಯವಲ್ಲವೆಂದಾಯಿತು. ಆ ನೆಲದಲ್ಲಿ ಖಾಸಗಿಯವರೊಡನೆ ಕೂಡಿ ಕಟ್ಟುವ ಯೋಜನೆ ಬಂತು. 2013ರ ಜನವರಿಯಲ್ಲಿ ಅಲ್ಲಿದ್ದ ಜನರನ್ನು ತೆರವು ಮಾಡಿಸಿದರು. ಹೆಂಗಸರು ಮಕ್ಕಳು ಚಳಿಯಲ್ಲಿ ಬೀದಿಗೆ ಬಿದ್ದರು. ಕಳಪೆಯಾಗಿ ಕಟ್ಟಿದವರು ಯಾರೋ, ಮನೆ ಕಳೆದುಕೊಂಡವರು ಯಾರೋ! ಇಂದು ರಿಪೇರಿಯಾಗದ ಬಿರುಕು ನಾಳೆ ನಮ್ಮನ್ನು ಹೊರಹಾಕಲು ಕಾರಣವಾಗುತ್ತದೆ. ಈ ಒಂದು ಮಾತನ್ನು ಮರೆಯಬೇಡಿ.

ನಮಗಿರುವ ಬಲವೇನು? ಸರಕಾರಿ ಕಾಮಗಾರಿಯ ಕರಾರಿನಲ್ಲಿ, ಗೊತ್ತಾದ ಅವಧಿಯೊಳಗೆ ಕಂಡ ದೋಷವನ್ನು ಗುತ್ತಿಗೆದಾರನೇ ಸ್ವಂತ ಖರ್ಚಿನಿಂದ ಸರಿಪಡಿಸಬೇಕೆಂಬ ಷರತ್ತಿರುತ್ತದೆ. ಅಲ್ಲಿಯವರೆಗೆ ಅವನ ಠೇವಣಿ ಕಚೇರಿಯಲ್ಲಿರುತ್ತದೆ. ಠೇವಣಿ ವಾಪಸಾಗುವ ತನಕ ಸುಣ್ಣ ನಿಂತರೆ ಸಾಕೆಂಬುದೇ ಕೆಲವರ ಲೆಕ್ಕ. ಆದ್ದರಿಂದ ಆ ಅವಧಿ ಎಂದು ಮುಗಿಯುತ್ತದೆಂದು ಮೊದಲು ತಿಳಿಯಬೇಕು. 2005ರ ಮಾಹಿತಿ ಹಕ್ಕು ಕಾಯಿದೆಯಂತೆ 10 ರೂಪಾಯಿ ಕಟ್ಟಿ ಕರಾರು, ಅಂದಾಜುಪಟ್ಟಿ, ಅಳತೆ ಪುಸ್ತಕಗಳ ನಕಲು ಕೇಳಬಹುದು. 30 ದಿನದೊಳಗೆ ಉತ್ತರ ಕೊಡಬೇಕು. ಬಡತನದ ರೇಖೆಗಿಂತ ಕೆಳಗಿನವರಿಗೆ ಶುಲ್ಕವಿಲ್ಲ. ಅದೇ ಕಾಯಿದೆಯಲ್ಲಿ ಕಾಮಗಾರಿಯ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕೂ ಇದೆ.

ಹಣ ಕಟ್ಟಿ ಮನೆ ಪಡೆದವರಿಗೆ ಇನ್ನೊಂದು ದಾರಿಯುಂಟು. ಲಕ್ನೋ ಅಭಿವೃದ್ಧಿ ಪ್ರಾಧಿಕಾರದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1993ರಲ್ಲಿ, ಮನೆ ಕಟ್ಟಿಕೊಡುವ ಸರಕಾರಿ ಸಂಸ್ಥೆಯೂ ಗ್ರಾಹಕ ಕಾಯಿದೆಗೆ ಒಳಪಟ್ಟದ್ದೆಂದು ತೀರ್ಪಿತ್ತಿತು. ಇನ್ನು 2016ರ ರೇರಾ ಕಾಯಿದೆ ಅನ್ವಯಿಸುವ ಮನೆಗಳಲ್ಲಿ, ಸ್ವಾಧೀನಕ್ಕೆ ಕೊಟ್ಟ 5 ವರ್ಷದೊಳಗೆ ಕಟ್ಟಡದ ದೋಷ ತಿಳಿಸಿದರೆ 30 ದಿನದಲ್ಲಿ ಪುಕ್ಕಟೆ ಸರಿಪಡಿಸಬೇಕು. ಎಲ್ಲ ದಾರಿಗೂ ತಾರೀಖೇ ಬಾಗಿಲು.

ಅಂಗಡಿಯವರು ಉದ್ರಿ ಪುಸ್ತಕ ಇಡುತ್ತೀರಿ. ನಾಲ್ಕಾಣೆ ಬಾಕಿಯನ್ನೂ ಬರೆಯದೆ ಬಿಟ್ಟವರಲ್ಲ ನೀವು. ಸರಕಾರ ನಮಗೆ ಬಾಕಿ ಇರುವ ರಿಪೇರಿಗೆ ಏಕೆ ಪುಸ್ತಕ ಬೇಡ? ಬೀದಿಗೊಂದು ಪುಸ್ತಕವಿಡಿ. ಮನೆಯ ನಂಬರು, ಸೋರುವ ಜಾಗ, ಬಿರುಕಿನ ಉದ್ದ ಬರೆಯಿರಿ. ಬಿರುಕಿನ ತುದಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ಪಕ್ಕದಲ್ಲಿ ತಾರೀಖು ಹಾಕಿರಿ. ತಿಂಗಳಿಗೊಮ್ಮೆ ನೋಡಿರಿ, ಗೆರೆ ದಾಟಿದ್ದರೆ ಮತ್ತೊಂದು ಗೆರೆ. ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಅರ್ಜಿಯನ್ನು ಒಬ್ಬೊಬ್ಬರೇ ಕೊಡದೆ ಇಡೀ ಬೀದಿ ಸಹಿ ಮಾಡಿ ಕೊಡಿರಿ, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳದೆ ಹಿಂದಿರುಗಬೇಡಿರಿ. ರಿಪೇರಿಗೆ ಬಂದವರು ತಾರಸಿ ಹತ್ತದೆ ಸುಣ್ಣದ ಡಬ್ಬ ತೆರೆದರೆ, "ಮೊದಲು ಮೇಲೆ ಹತ್ತಿ ನೋಡ್ರಪ್ಪ" ಎಂದು ವಿನಯವಾಗಿ ಹೇಳಿರಿ. ಒಂದು ಮಳೆ ಸುರಿದು ಸೋರದೆ ನಿಂತ ಮೇಲೆ ಮಾತ್ರ "ಕೆಲಸ ತೃಪ್ತಿಕರ" ಎಂಬ ಕಾಗದಕ್ಕೆ ಸಹಿ ಹಾಕಿರಿ.

ನಾವು ದಾನ ಬೇಡುತ್ತಿಲ್ಲ. ಆ ಮನೆಗಳಿಗೆ ಹೋದದ್ದು ನಮ್ಮ ತೆರಿಗೆಯ ಹಣ, ನಮ್ಮ ಕಂತಿನ ಹಣ. ಮುಂಗಾರಿಗೆ ಮುಂಚೆ ನಾಲ್ಕೂ ತಾಲ್ಲೂಕಿನ ಪುಸ್ತಕಗಳು ತಯಾರಾಗಲಿ. ಮುಂದಿನ ಮಳೆಗಾಲದಲ್ಲಿ ನಮ್ಮ ಮಕ್ಕಳು ರಾತ್ರಿ ನಿದ್ದೆ ಮಾಡಿ, ಬೆಳಿಗ್ಗೆ ಒಣಗಿದ ಪುಸ್ತಕ ಹಿಡಿದು ಶಾಲೆಗೆ ಹೋಗಲಿ.