ಧ್ರುವದ ದಾರಿಯಲ್ಲಿ ಬೆಂಗಳೂರಿಗೆ

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಎಷ್ಟು ದೂರ? ಆಕಾಶಮಾರ್ಗದಲ್ಲಿ ಸುಮಾರು 14,000 ಕಿಲೋಮೀಟರ್. ಭೂಮಿಯ ಸುತ್ತಳತೆಯ ಮೂರನೇ ಒಂದು ಪಾಲಿಗಿಂತಲೂ ಹೆಚ್ಚು!

ಶಾಲೆಯ ಗೋಡೆಯ ಮೇಲಿನ ನಕ್ಷೆಯಲ್ಲಿ ಈ ಎರಡು ಊರುಗಳ ನಡುವೆ ಗೆರೆ ಎಳೆದರೆ ಅದು ಸಾಗರಗಳನ್ನು ಹಾದು ಬರುತ್ತದೆ. ಆದರೆ ಭೂಮಿ ಗುಂಡಗಿದೆ. ಗ್ಲೋಬಿನ ಮೇಲೆ ಒಂದು ದಾರವನ್ನು ಬಿಗಿಯಾಗಿ ಹಿಡಿದರೆ, ಅತಿ ಹತ್ತಿರದ ದಾರಿ ಉತ್ತರ ಧ್ರುವದ ಬಳಿ ಹಾಯುವುದು ಕಾಣುತ್ತದೆ.

ಆ ದಾರಿ ಸುಲಭದ್ದಲ್ಲ. ಕೆಳಗೆ ಹಿಮ, ಆಪತ್ತಿನಲ್ಲಿ ಇಳಿಯಲು ನಿಲ್ದಾಣಗಳು ವಿರಳ. ಕೊರೆಯುವ ಚಳಿಗೆ ಇಂಧನ ಹೆಪ್ಪುಗಟ್ಟದಂತೆ ಅದರ ಉಷ್ಣಾಂಶದ ಮೇಲೆ ಸದಾ ಕಣ್ಣಿಡಬೇಕು. ಭೂಕಾಂತ ಧ್ರುವ ಸಮೀಪಿಸಿದಂತೆ ದಿಕ್ಸೂಚಿಯ ಮುಳ್ಳನ್ನೂ ನಂಬುವಂತಿಲ್ಲ.

2021ರ ಜನವರಿಯಲ್ಲಿ ಏರ್ ಇಂಡಿಯಾದ ಬೋಯಿಂಗ್ 777 ವಿಮಾನವೊಂದು ಈ ಧ್ರುವದ ದಾರಿ ಹಿಡಿಯಿತು. ಅದನ್ನು ನಡೆಸಿದವರೆಲ್ಲ ಮಹಿಳೆಯರು. ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರ ನೇತೃತ್ವದಲ್ಲಿ ಪಾಪಗರಿ ತನ್ಮಯಿ, ಆಕಾಂಕ್ಷಾ ಸೋನವಣೆ, ಶಿವಾನಿ ಮನ್ಹಾಸ್ ಸರದಿಯಂತೆ ಹೊಣೆ ಹೊತ್ತರು.

ಎಲ್ಲಿಯೂ ಇಳಿಯದೆ, ಸುಮಾರು 17 ಗಂಟೆ ಹಾರಿದ ಆ ವಿಮಾನ ಜನವರಿ 11ರ ನಸುಕಿನಲ್ಲಿ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಕ್ಷೇಮವಾಗಿ ಇಳಿಯಿತು.