‘ಆಮೇಲೆ’ ಅಂದ್ರೆ ಯಾವಾಗ?



ಇರಾನಿನ ಹೆಂಗಸರ ಮಾತು ಬಂದಾಗೆಲ್ಲ ನಮ್ಮಲ್ಲಿ ಬುರ್ಖಾದಿಂದ ಶುರುವಾಗಿ ಬುರ್ಖಾದಲ್ಲೇ ಮುಗಿಯುತ್ತದೆ. ಇವತ್ತು ನಾವು ಬೇರೆ ತುದಿ ಹಿಡಿಯೋಣ. ‘ಆಮೇಲೆ’ ಅನ್ನೋ ಒಂದು ಮಾತು ಆ ಹೆಂಗಸರನ್ನು ಹೇಗೆ ಕಾಯಿಸಿತು ಅಂತ ನೋಡೋಣ.

1936ರಲ್ಲಿ ರೆಜಾ ಷಾ ಎಂಬ ದೊರೆ ಪರದೆ ನಿಷೇಧಿಸಿದ. ಪೊಲೀಸರು ಬೀದಿಯಲ್ಲೇ ಹೆಂಗಸರ ಚಾದರ ಎಳೆದರು. ಎಷ್ಟೋ ಮುದುಕಿಯರು ಹೊಸಿಲು ದಾಟೋದನ್ನೇ ಬಿಟ್ಟರು. ಅವನ ಮಗನ ಕಾಲಕ್ಕೆ 1963ರಲ್ಲಿ ಓಟು ಬಂತು. 1967ರಲ್ಲಿ ಕುಟುಂಬ ಸಂರಕ್ಷಣಾ ಕಾನೂನು ಬಂತು, ತಲಾಖ್ ಬೇಕಾದ ಗಂಡ ಕೋರ್ಟಿಗೆ ಬರಬೇಕಾಯ್ತು. ಒಳ್ಳೇದೇ. ಆದರೆ ಅದೇ ದೊರೆಯ ಗುಪ್ತ ಪೊಲೀಸರು ಎದುರು ಮಾತಾಡಿದವರನ್ನು ಜೈಲಿನಲ್ಲಿ ಹಿಂಸಿಸುತ್ತಿದ್ದರು. ಹಾಗಾಗಿ 1978ರಲ್ಲಿ ಹೆಂಗಸರೂ ಬೀದಿಗೆ ಬಂದರು. ಎಂದೂ ಚಾದರ ಹೊದೆಯದ ವಿದ್ಯಾರ್ಥಿನಿಯರು ಷಾನ ವಿರುದ್ಧ ಅಂತಲೇ ಹೊದ್ದು ಬಂದರು.

1979 ಫೆಬ್ರವರಿ 11ಕ್ಕೆ ಕ್ರಾಂತಿ ಗೆದ್ದಿತು. ಹದಿನೈದೇ ದಿನಕ್ಕೆ ಖೊಮೇನಿ ಕಚೇರಿಯಿಂದ, ಆ ಕುಟುಂಬ ಕಾನೂನು ಇನ್ನಿಲ್ಲ ಅನ್ನೋ ಹೇಳಿಕೆ ಬಂತು. ಮಾರ್ಚ್ 7ಕ್ಕೆ, ಸರ್ಕಾರಿ ಕಚೇರಿಯ ಹೆಂಗಸರು ಹಿಜಾಬ್ ಹಾಕಬೇಕು ಅಂತ. ಮಾರನೇ ದಿನ ಮಹಿಳಾ ದಿನ. ಟೆಹರಾನಿನಲ್ಲಿ ಹಿಮ ಬೀಳುತ್ತಿತ್ತು. ನರ್ಸುಗಳು, ಕಚೇರಿ ನೌಕರರು, ಹೈಸ್ಕೂಲು ಹುಡುಗಿಯರು ಸಾವಿರಗಟ್ಟಲೆ ಬಂದರು. ‘ನಾವು ಕ್ರಾಂತಿ ಮಾಡಿದ್ದು ಹಿಂದಕ್ಕೆ ಹೋಗೋದಕ್ಕಲ್ಲ’ ಅಂತ ಕೂಗಿದರು. ಗೂಂಡಾಗಳು ದೊಣ್ಣೆ, ಚಾಕು ತಂದರು. ‘ತಲೆಗೆ ಬಟ್ಟೆ, ಇಲ್ಲಾ ತಲೆಗೆ ಏಟು’ ಅನ್ನೋದು ಅವರ ಘೋಷಣೆ.

ಎಡಪಂಥದ ಗೆಳೆಯರು ಏನು ಮಾಡಿದರು? ಷಾನ ಜೈಲಿನಲ್ಲಿ ಏಟು ತಿಂದವರು ಅವರು, ಹೇಡಿಗಳಲ್ಲ. ಆದರೂ ಬಹುಪಾಲು ಸಂಘಟನೆಗಳು ಹೇಳಿದ್ದು ಇಷ್ಟೇ: ಈಗ ಸಾಮ್ರಾಜ್ಯಶಾಹಿಯೇ ಮುಖ್ಯ ಶತ್ರು, ಒಗ್ಗಟ್ಟು ಒಡೀಬೇಡಿ, ನಿಮ್ಮದು ಆಮೇಲೆ ನೋಡೋಣ. (ಹಿಂದಿನ ಸಾಲಿನ ಗೆಳತಿಯರು ನಗ್ತಿದ್ದಾರೆ. ಈ ಮಾತು ಅವರಿಗೆ ಹೊಸದಲ್ಲ.) ಆಮೇಲೆ 1983 ಬಂತು. ತಲೆ ಮುಚ್ಚದ ಹೆಂಗಸಿಗೆ 74 ಚಾಟಿ ಏಟಿನವರೆಗೆ ಶಿಕ್ಷೆ ಅಂತ ಕಾನೂನಾಯ್ತು. ಖೊಮೇನಿಯನ್ನು ಬೆಂಬಲಿಸಿದ್ದ ತುದೆ ಪಕ್ಷವನ್ನೂ ಅದೇ ವರ್ಷ ನಿಷೇಧಿಸಿ ನಾಯಕರನ್ನು ಜೈಲಿಗೆ ಹಾಕಿದರು.

ದೇಶ ಬಿಟ್ಟ ಹೆಂಗಸರು ಪರದೇಶದಲ್ಲಿ ಕೂತು ಈ ಲೆಕ್ಕ ತೆಗೆದರು. 1984ರಲ್ಲಿ ಲಂಡನ್ನಿನಿಂದ ‘ನೀಮೆಯೆ ದಿಗರ್’ ಎಂಬ ಫಾರಸಿ ಪತ್ರಿಕೆ ಹೊರಟಿತು. ಉಳಿದರ್ಧ ಅಂತ ಅದರರ್ಥ. ಕೆನಡಾ ಸೇರಿದ ಹೈದೆ ಮೊಘಿಸ್ಸಿ, ಎಡಪಂಥ ಹೆಂಗಸರ ಹೋರಾಟವನ್ನು ಹೇಗೆ ನಡುನೀರಲ್ಲಿ ಬಿಟ್ಟಿತು ಅಂತ 1994ರಲ್ಲಿ ಪುಸ್ತಕವನ್ನೇ ಬರೆದರು. ನಮ್ಮವರ ಮೇಲೆ ಹೀಗೆ ಬರೆಯೋದು ಸುಲಭವಲ್ಲ.

ಊರಲ್ಲೇ ಉಳಿದವರ ದಾರಿ ಬೇರೆ. ಶಿರಿನ್ ಎಬಾದಿ ನ್ಯಾಯಾಧೀಶರಾಗಿದ್ದವರು. ಹೆಂಗಸು ತೀರ್ಪು ಕೊಡಬಾರದು ಅಂತ ಅದೇ ಕೋರ್ಟಿನಲ್ಲಿ ಗುಮಾಸ್ತೆ ಮಾಡಿದರು. ಮುಂದೆ ವಕೀಲಿಕೆಗೆ ನಿಂತು 2003ರಲ್ಲಿ ನೊಬೆಲ್ ಪಡೆದರು. 2009ರಿಂದ ಅವರೂ ಪರದೇಶಿ. 2006ರ ಆಗಸ್ಟ್‌ನಲ್ಲಿ ಹತ್ತು ಲಕ್ಷ ಸಹಿ ಚಳವಳಿ ಶುರುವಾಯ್ತು. ಬಸ್ಸು, ಪಾರ್ಕು, ಬ್ಯೂಟಿ ಪಾರ್ಲರು, ಮನೆಬಾಗಿಲು. ಹೆಂಗಸಿನ ಸಾಕ್ಷಿ ಅರ್ಧ, ಆಸ್ತಿ ಪಾಲು ಅರ್ಧ, ಕೊಲೆಯಾದರೆ ಜೀವದ ಪರಿಹಾರವೂ ಅರ್ಧ ಅಂತ ಒಬ್ಬೊಬ್ಬರ ಹತ್ರ ಕೂತು ಬಿಡಿಸಿ ಹೇಳಿ ಸಹಿ ಹಾಕಿಸೋದು. ಸಹಿ ಕೇಳಿದ್ದಕ್ಕೇ ಜೈಲಿಗೆ ಹೋದವರಿದ್ದಾರೆ. ನಾವಂತೂ ಇದನ್ನು ದೊಡ್ಡ ಮೆರವಣಿಗೆಗಿಂತ ದೊಡ್ಡ ಕೆಲಸ ಅಂತೀವಿ.

ಹಿಜಾಬ್ ಸರಿಯಿಲ್ಲ ಅಂತ ಟೆಹರಾನಿನಲ್ಲಿ ಪೊಲೀಸರು ಹಿಡಿದೊಯ್ದ 22ರ ಕುರ್ದ್ ಹುಡುಗಿ ಮಹ್ಸಾ ಜೀನಾ ಅಮೀನಿ 2022 ಸೆಪ್ಟೆಂಬರ್ 16ರಂದು ಸತ್ತಳು. ಅವಳೂರು ಸಕ್ಕೆಜ್‌ನಲ್ಲಿ ಮಣ್ಣು ಮಾಡುವಾಗ ಹೆಂಗಸರು ತಲೆಬಟ್ಟೆ ತೆಗೆದರು. ಯಾವ ಪಕ್ಷದ ಅಪ್ಪಣೆಯನ್ನೂ ಕೇಳಲಿಲ್ಲ. ‘ಹೆಣ್ಣು, ಬದುಕು, ಬಿಡುಗಡೆ’ ಎಂಬ ಕುರ್ದಿ ಘೋಷಣೆ ದೇಶ ದಾಟಿತು. ಅಕ್ಟೋಬರ್ 22ಕ್ಕೆ ಬರ್ಲಿನ್ನಿನಲ್ಲಿ ಸುಮಾರು 80,000 ಜನ ಸೇರಿದರು.

ಅದೇ ಸೆಪ್ಟೆಂಬರಿನಲ್ಲಿ ನಮ್ಮ ರಾಜ್ಯದ ಹುಡುಗಿಯರ ಹಿಜಾಬ್ ಮೊಕದ್ದಮೆ ಸುಪ್ರೀಂ ಕೋರ್ಟಿನಲ್ಲಿತ್ತು. ಇರಾನಿನಲ್ಲೇ ಹೆಂಗಸರು ಬೇಡ ಅಂತಿದ್ದಾರೆ ನೋಡಿ ಅಂತ ನಮ್ಮ ಸರ್ಕಾರದ ಪರ ವಕೀಲರು ವಾದಿಸಿದರು. ಅಲ್ಲಿಯವರು ಬೇಡ ಅಂದದ್ದು ಪೊಲೀಸಿನ ಕೈಯನ್ನು. ಆ ಕೈ 1936ರಲ್ಲಿ ಬಿಚ್ಚಿಸಿತ್ತು, 1983ರಲ್ಲಿ ಹೊದಿಸಿತು.

2023ರ ಶಾಂತಿ ನೊಬೆಲ್ ನರ್ಗೆಸ್ ಮೊಹಮ್ಮದಿಗೆ ಬಂತು. ಆಗವರು ಎವಿನ್ ಜೈಲಿನಲ್ಲಿದ್ದರು. ಓಸ್ಲೋದಲ್ಲಿ ಅವರ ಕುರ್ಚಿ ಖಾಲಿಯಿತ್ತು. ಜೈಲಿನಿಂದ ಬಂದ ಭಾಷಣವನ್ನು ಪ್ಯಾರಿಸ್ಸಿನಲ್ಲಿದ್ದ ಅವರ 17 ವರ್ಷದ ಅವಳಿ ಮಕ್ಕಳು ಫ್ರೆಂಚಿನಲ್ಲಿ ಓದಿದರು.